ಬಿಡಿಸಿಕೊಳ್ಳುವವರ ಕ್ರಿಯಾಪದ: ಆಜರಾ ಸೀಮೆಯ ಪಾರ್ಸಲ್ ಮಾತುಗಳ ಮೇಲೊಂದು ಟಿಪ್ಪಣಿ

ನನ್ನ ಸೋದರತ್ತೆಯ ತವರು ಸಂಕೇಶ್ವರದ ಕಡೆ, ಕೊಟ್ಟ ಮನೆ ಕೊಲ್ಹಾಪುರ ಜಿಲ್ಲೆಯ ಆಜರಾ ತಾಲ್ಲೂಕಿನ ಒಂದು ಹಳ್ಳಿ. ಅಡುಗೆಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ಮರಾಠಿ. ಮಧ್ಯಾಹ್ನದ ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು ಕೂತರೆ ಮೊದಲು ಮರಾಠಿ ಪತ್ರಿಕೆಯ ಶಬ್ದಕೋಡೆ, ಆಮೇಲೆ ತವರಿನಿಂದ ಯಾರಾದರೂ ತಂದುಕೊಟ್ಟಿದ್ದರೆ ಕನ್ನಡ ಪುರವಣಿಯ ಪದಬಂಧ. ಅವರಿಗೆಂದು ಧಾರವಾಡದಿಂದ ಪದಬಂಧದ ಒಂದು ಪುಸ್ತಕವನ್ನೂ ಒಂದು ಸಣ್ಣ ನಿಘಂಟನ್ನೂ ಕಟ್ಟಿ ಕೊರಿಯರಿಗೆ ಕೊಟ್ಟಿದ್ದೆ. ಐದನೆಯ ದಿನ ನನ್ನ ಫೋನಿಗೆ ಸಂದೇಶ ಬಂತು: ‘ನಿಮ್ಮ ಪಾರ್ಸಲ್ ತಲುಪಿಸಲಾಗಿದೆ’. ಖುಷಿಯಿಂದ ಅತ್ತೆಗೆ ಫೋನ್ ಹಚ್ಚಿದೆ.

“ಮುಟ್ಟೈತಂತ ನಿನ್ನ ಫೋನ್ ಹೇಳತೈತಿ ತಮ್ಮಾ, ನನ್ನ ಕೈ ಹೇಳವಲ್ದು” ಅಂದರು.

ಪಾರ್ಸಲ್ ಇಪ್ಪತ್ತು ಕಿಲೋಮೀಟರ್ ಆಚೆ ಗಡಹಿಂಗ್ಲಜದ ಅಂಗಡಿಯೊಂದರಲ್ಲಿ ಕೂತಿತ್ತು. ಮತ್ತೆ ನಾಲ್ಕು ದಿನ ಕಳೆದ ಮೇಲೆ ಪಕ್ಕದ ಮನೆಯ ಹುಡುಗ ಸಂತೆಗೆ ಹೋದವನು ಎತ್ತಿಕೊಂಡು ಬಂದ. ಮಳೆಗಾಲವಾದ್ದರಿಂದ ಒಂದು ಮೂಲೆ ನೆನೆದಿತ್ತು. ಇಂಥ ದೂರು ಹೊಸದೇನಲ್ಲ. ಯಾವ ಊರಿನ ಯಾವ ಮನೆಯಲ್ಲಿ ಕೇಳಿದರೂ ಇಂಥದೊಂದು ಸಿಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅತ್ತೆಯ ಮಾತಿನ ವ್ಯಾಕರಣ. ನನ್ನ ಫೋನಿನ ವಾಕ್ಯದಲ್ಲಿ ಇದ್ದ ಕ್ರಿಯಾಪದ ತಲುಪಿಸು, ಅತ್ತೆಯ ವಾಕ್ಯದಲ್ಲಿ ಇದ್ದದ್ದು ಮುಟ್ಟು. ಎರಡಕ್ಕೂ ನಿಘಂಟು ಹತ್ತಿರ ಹತ್ತಿರದ ಅರ್ಥವನ್ನೇ ಕೊಡುತ್ತದೆ. ಆದರೆ ಜಗಳವೆಲ್ಲ ಆ ಎರಡರ ನಡುವಿನ ಸಂದಿಯಲ್ಲೇ ಇದೆ ಎಂದು ನನಗೆ ಅಂದಿನಿಂದ ಅನ್ನಿಸಿದೆ. ಅದನ್ನು ತೋರಿಸುವುದಷ್ಟೇ ಈ ಟಿಪ್ಪಣಿಯ ಕೆಲಸ.

ಮುಟ್ಟು ಎಂದರೆ ತಾಗು; ಅದರ ಜೊತೆಗೇ ಸೇರು, ಬಂದು ತಲುಪು. ಪತ್ರ ಮುಟ್ಟಿತು, ರೊಕ್ಕ ಮುಟ್ಟಿತು, ಸುದ್ದಿ ಮುಟ್ಟಿತು. ಇಲ್ಲಿ ಕರ್ತೃ ಪತ್ರವೇ, ರೊಕ್ಕವೇ. ಅದು ಯಾರನ್ನೋ ತಾಗಿದರೆ ಮಾತ್ರ ಕ್ರಿಯೆ ಮುಗಿಯುತ್ತದೆ. ತಾಗಿಸಿಕೊಳ್ಳಲು ಆ ತುದಿಯಲ್ಲಿ ಒಂದು ಕೈ ಇರಲೇಬೇಕು. ‘ತಲುಪಿಸಲಾಗಿದೆ’ ಎಂಬ ರೂಪವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ತಲುಪು ಎಂಬುದಕ್ಕೆ ಪ್ರೇರಣಾರ್ಥಕದ ಇಸು ಸೇರಿ ತಲುಪಿಸು ಆಯಿತು, ಅಂದರೆ ಕ್ರಿಯೆ ವಸ್ತುವಿನ ಕೈಬಿಟ್ಟು ಸಾಗಿಸುವವನ ಪಾಲಾಯಿತು. ಅದರ ಮೇಲೆ ಲಾಗಿದೆ ಬಂದು ಕೂತಾಗ ಸಾಗಿಸಿದವನೂ ವಾಕ್ಯದಿಂದ ಎದ್ದು ಹೋದ. ಕಚೇರಿಯ ಸುತ್ತೋಲೆಗಳಲ್ಲಿ ‘ಸೂಚಿಸಲಾಗಿದೆ’, ‘ಆದೇಶಿಸಲಾಗಿದೆ’ ಎಂದು ನಾವು ದಿನವೂ ಓದುವ ರೂಪ ಇದು. ಕೊಟ್ಟವನಿಲ್ಲ, ಪಡೆದವಳಿಲ್ಲ, ಕೆಲಸ ಮಾತ್ರ ಮುಗಿದಿದೆ. ಕೈ ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಅತ್ತೆ ತಮ್ಮ ಉತ್ತರದಲ್ಲಿ ಆ ಕೈಯನ್ನೇ ಮರಳಿ ತಂದಿಟ್ಟರು.

ಹಿಂದೆ ಹೀಗಿರಲಿಲ್ಲ ಎಂದು ಹೇಳಲು ಆಧಾರ ಬೇಕು. ಆಧಾರ ಆ ಸೀಮೆಯ ಮಾತಿನಲ್ಲೇ ಸಿಗುತ್ತದೆ. ಭಾರತದ ಟಪಾಲು ಇಲಾಖೆ 1877ರಲ್ಲಿ ವಿ.ಪಿ. ಪದ್ಧತಿ ಶುರು ಮಾಡಿತು. ವಸ್ತು ಬಾಗಿಲಿಗೆ ಬಂದಾಗ ಅದರ ಬೆಲೆಯನ್ನು ಪೋಸ್ಟಿನವನ ಕೈಗೆ ಕೊಡಬೇಕು. ಇಲಾಖೆ ಅದನ್ನು ಮಾರಿದವನಿಗೆ ಕಳಿಸುತ್ತದೆ. ಪುಸ್ತಕ, ಪಂಚಾಂಗ, ಔಷಧ, ಗಡಿಯಾರಗಳೆಲ್ಲ ಹಳ್ಳಿಗಳಿಗೆ ಹೋದದ್ದು ಈ ದಾರಿಯಿಂದ. ಆಗ ಕನ್ನಡದಲ್ಲಿ ಹುಟ್ಟಿದ ಮಾತು ‘ವಿ.ಪಿ. ಬಿಡಿಸಿಕೊಳ್ಳು’. ಹಳೆಯ ಪ್ರಕಾಶಕರು ಓದುಗರಿಗೆ ‘ವಿ.ಪಿ. ಬಿಡಿಸಿಕೊಳ್ಳಬೇಕಾಗಿ ವಿನಂತಿ’ ಎಂದೇ ಬರೆಯುತ್ತಿದ್ದರು. ಮರಾಠಿಯಲ್ಲಿ ‘ವ್ಹಿ.ಪಿ. ಸೋಡವೂನ್ ಘೇಣೆ’. ಸೋಡವಣೆ ಎಂದರೆ ಬಿಡಿಸುವುದು, ಘೇಣೆ ಎಂದರೆ ತೆಗೆದುಕೊಳ್ಳುವುದು. ಎರಡು ಭಾಷೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇವೆ.

ಆ ಕೊನೆಯ ತುಂಡಿನಲ್ಲಿ, ಕನ್ನಡದ ಕೊಳ್ಳು ಮತ್ತು ಮರಾಠಿಯ ಘೇಣೆಯಲ್ಲಿ, ನನ್ನ ವಾದದ ಜೀವ ಇದೆ. ಕೊಳ್ಳು ಎಂಬ ಸಹಾಯಕ ಕ್ರಿಯಾಪದ ಕ್ರಿಯೆಯ ಫಲ ಯಾರ ಕಡೆಗೆ ತಿರುಗಿತು ಎಂದು ಹೇಳುತ್ತದೆ. ಬಿಡಿಸಿದ ಅಂದರೆ ಯಾರಿಗಾದರೂ ಬಿಡಿಸಿರಬಹುದು. ಬಿಡಿಸಿಕೊಂಡ ಅಂದರೆ ತನಗಾಗಿ. ವಿ.ಪಿ. ಕಾಲದ ವಾಕ್ಯದಲ್ಲಿ ಕರ್ತೃವಿನ ಪೀಠದಲ್ಲಿ ಕೂತವರು ಪಡೆಯುವವರು. ಅವರು ಬಿಡಿಸಿಕೊಳ್ಳದಿದ್ದರೆ ವಸ್ತು ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು, ಅದಕ್ಕೆ ‘ವಿ.ಪಿ. ತಿರುಗಿತು’ ಎನ್ನುತ್ತಿದ್ದರು.

ಟಪಾಲಿಗೆ ಹೊರಗಿನ ಇನ್ನೊಂದು ದಾರಿಯಲ್ಲೂ ಇದೇ ವ್ಯಾಕರಣ. ಕೊಲ್ಹಾಪುರದಲ್ಲೋ ಬೆಳಗಾವಿಯಲ್ಲೋ ಓದುವ ಮಕ್ಕಳಿಗೆ ಹಳ್ಳಿಯಿಂದ ಬುತ್ತಿ, ಅಕ್ಕಿ, ಉಪ್ಪಿನಕಾಯಿ ಬಸ್ಸಿನಲ್ಲಿ ಹೋಗುತ್ತಿದ್ದವು. ಆಜರಾದ ಘನಸಾಳ ಅಕ್ಕಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಪರಿಮಳದ ಆ ಅಕ್ಕಿ ನಮ್ಮ ಮನೆಗೆ ಬಂದದ್ದು ಎಷ್ಟೋ ಸಲ ಎಸ್.ಟಿ. ಬಸ್ಸಿನ ಸೀಟಿನ ಕೆಳಗೆ ಕೂತು. ಕಂಡಕ್ಟರಿಗೆ ಹೇಳಿ ಚೀಲ ಇಟ್ಟು, ಆ ಕಡೆ ಫೋನ್ ಮಾಡಿ ಅತ್ತೆ ಹೇಳುತ್ತಿದ್ದ ಮಾತು: “ಗಾಡಿಗೆ ಹಾಕೀನಿ, ಇಳಿಸ್ಕೋರಿ.” ಹಾಕುವವಳು ನಾನು, ಇಳಿಸಿಕೊಳ್ಳುವವರು ನೀವು. ಎರಡು ಕ್ರಿಯಾಪದ, ಎರಡು ಕರ್ತೃ. ಸಾಗಾಟದ ಇಡೀ ಕರಾರು ಮೂರು ಪದಗಳಲ್ಲಿ ಮುಗಿದಿದೆ.

ಡೆಲಿವರಿ ಎಂಬ ಇಂಗ್ಲಿಷ್ ಮಾತಿನ ಬೇರೂ ಬಿಡುಗಡೆಯೇ ಎಂಬುದು ಇಲ್ಲಿ ನೆನಪಿಡತಕ್ಕದ್ದು. ಲ್ಯಾಟಿನ್ನಿನ ಲಿಬೆರಾರೆ, ಅಂದರೆ ಬಂಧ ಬಿಚ್ಚಿ ಬಿಡು, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಡೆಲಿವರ್ ಆಯಿತು. ಒಪ್ಪಿಸು ಎಂಬ ಅರ್ಥ ಆಮೇಲಿನದು. ಹೆರಿಗೆಗೆ ಆ ಪದ ಬಳಕೆಯಾದದ್ದೂ ಬಿಡುಗಡೆಯ ಅರ್ಥದಿಂದಲೇ. ಮರಾಠಿಯಲ್ಲಿ ಹೆರಿಗೆಯಾಯಿತು ಎನ್ನಲು ‘ಸುಟಕಾ ಝಾಲೀ’ ಎನ್ನುವುದುಂಟು. ಸುಟಕಾ ಎಂದರೆ ಪಾರಾಗುವುದು, ಬಿಡುಗಡೆ. ಕನ್ನಡದ ಮನೆಗಳಲ್ಲಿ ಬಹಳ ಕಾಲ ಡೆಲಿವರಿ ಎಂದರೆ ಹೆರಿಗೆಯೊಂದೇ ಆಗಿತ್ತು. “ಡೆಲಿವರಿ ಯಾವಾಗ?” ಎಂದು ಕೇಳಿದರೆ ಮಗಳು ತವರಿಗೆ ಬಂದಿದ್ದಾಳೆ ಎಂದೇ ಅರ್ಥ. ಇವತ್ತು ಅದೇ ಪ್ರಶ್ನೆಗೆ “ನಾಳೆ ಸಂಜೆಯೊಳಗ” ಎಂಬ ಉತ್ತರ ಬಂದರೆ ಅದು ಮಿಕ್ಸರಿನ ಜಾರು. ಒಂದು ತಲೆಮಾರಿನ ಒಳಗೆ ಪದ ಆಸ್ಪತ್ರೆಯಿಂದ ಬಾಗಿಲಿಗೆ ಬಂದಿದೆ. ಪಾರ್ಸಲ್ ಎಂಬುದರ ಪಾಡೂ ಹಾಗೆ. ಲ್ಯಾಟಿನ್ ಮೂಲದಲ್ಲಿ ಸಣ್ಣ ಭಾಗ, ಇಂಗ್ಲಿಷಿನಲ್ಲಿ ಭೂಮಿಯ ತುಂಡು ಮತ್ತು ಕಟ್ಟಿದ ಗಂಟು, ನಮ್ಮ ಹೋಟೆಲುಗಳಲ್ಲಿ ‘ಎರಡು ಇಡ್ಲಿ ಪಾರ್ಸಲ್’. ಬ್ರಿಟಿಷ್ ಕಾಲದ ದಾಖಲೆಗಳಲ್ಲಿ ಗಂಟು ಸಾಗಿಸುವ ಟಪಾಲಿಗೆ ಬಂಘಿ ಎಂಬ ಹೆಸರಿತ್ತು. ಹೆಗಲ ಮೇಲಿನ ಕಾವಡಿಗೆ ಹಿಂದಿಯಲ್ಲಿರುವ ಬಹಂಗಿ ಎಂಬ ಮಾತು ಅದರ ಮೂಲ. ಆ ಪದ ಕಾವಡಿಯ ಜೊತೆಗೇ ಹೋಯಿತು.

ಅರ್ಥ ಮಗುಚಿ ಬಿದ್ದ ಪದಕ್ಕೆ ಗಡಿನಾಡಿನಲ್ಲಿ ಸಿಗುವ ಅತಿ ಚಂದದ ಉದಾಹರಣೆ ಪಾವತಿ. ಇದು ನನ್ನ ಕಣ್ಣಿಗೆ ಬಿದ್ದದ್ದು ಅತ್ತೆಯ ಪದಬಂಧದಲ್ಲೇ. ಮರಾಠಿ ಶಬ್ದಕೋಡೆಯಲ್ಲಿ ಮೂರು ಮನೆ, ಸುಳಿವು ‘ರಸೀದಿ’. ಅತ್ತೆ ಪಾ, ವ, ತೀ ತುಂಬಿದ್ದರು. ಇನ್ನೊಂದು ದಿನ ಕನ್ನಡದ ಪುರವಣಿಯಲ್ಲಿ ಮೂರು ಮನೆ, ಸುಳಿವು ‘ಹಣ ಸಲ್ಲಿಕೆ’. ಅಲ್ಲೂ ಪಾ, ವ, ತಿ. ಕೊನೆಯ ಸ್ವರ ಒಂದು ಕಡೆ ದೀರ್ಘ, ಒಂದು ಕಡೆ ಹ್ರಸ್ವ. ಅರ್ಥ ಮಾತ್ರ ಎದುರುಬದುರು. ಮರಾಠಿಯ ಪಾವಣೆ ಎಂದರೆ ಮುಟ್ಟುವುದು, ದೊರೆಯುವುದು. ‘ಪತ್ರ ಪಾವಲೇ’ ಎಂದರೆ ಪತ್ರ ಮುಟ್ಟಿತು. ಅದರಿಂದ ಪಾವತೀ ಎಂದರೆ ಮುಟ್ಟಿದ್ದಕ್ಕೆ ಕೊಟ್ಟ ಚೀಟಿ. ಮೋಲ್ಸ್‌ವರ್ತನ ಮರಾಠಿ ನಿಘಂಟೂ ಇದೇ ಅರ್ಥ ಕೊಡುತ್ತದೆ. ಕನ್ನಡದಲ್ಲಿ ಪಾವತಿ ಎಂದರೆ ಕೊಡುವುದು, ಸಲ್ಲಿಸುವುದು. ನಮ್ಮ ಪಂಚಾಯ್ತಿಯವರು ಬರೆಯುವ ‘ಕರ ಪಾವತಿ ರಸೀದಿ’ ಎಂಬುದನ್ನು ಆಜರಾದ ಮರಾಠಿ ಓದುಗ ನೋಡಿದರೆ ರಸೀದಿ ಎಂದು ಎರಡು ಸಲ ಬರೆದಂತೆ ಕಾಣುತ್ತದೆ.

ಪಡೆದದ್ದು ಕೊಟ್ಟದ್ದಾಗಿ ಹೇಗೆ ತಿರುಗಿತು? ದುಡ್ಡು ಕಟ್ಟಲು ಹೋದವನು ಮನೆಗೆ ಹಿಡಿದುಕೊಂಡು ಬರುವುದು ಪಾವತಿಯ ಚೀಟಿಯನ್ನು. “ಪಾವತಿ ಮಾಡಿಸಿಕೊಂಡು ಬಂದೆ” ಎನ್ನುವಾಗ ಅವನ ಮನಸ್ಸಿನಲ್ಲಿ ಚೀಟಿಯೂ ಕಟ್ಟಿದ ಕೆಲಸವೂ ಒಂದೇ. ಕೈಗೆ ಬಂದ ಕಾಗದದ ಹೆಸರು ಕೈಯಿಂದ ಹೋದ ಹಣಕ್ಕೆ ಅಂಟಿಕೊಂಡಿತು ಎಂಬುದು ನನ್ನ ಊಹೆ. ಇದರ ಜೊತೆಗೆ ಕಂದಾಯ ದಫ್ತರದ ಪೌತಿ ಎಂಬ ಪದವನ್ನು ಬೆರೆಸಿಕೊಳ್ಳಬಾರದು. ಪೌತಿ ಖಾತೆಯ ಪೌತಿ ಫಾರಸಿಯ ಮೂಲಕ ಬಂದ ಅರಬ್ಬೀ ಮಾತು, ಅರ್ಥ ಸಾವು. ಕೇಳಿಕೆಯಲ್ಲಿ ಎಷ್ಟು ಹತ್ತಿರವಾದರೂ ಇವೆರಡಕ್ಕೂ ನಂಟಿಲ್ಲ.

ಬಟವಾಡೆಯದು ಇಂಥದೇ ಕತೆ, ಆದರೆ ಮೂರು ಕವಲಿನದು. ಹಿಂದಿಯ ಬಟವಾರಾ ಎಂದರೆ ಆಸ್ತಿಯ ಪಾಲು. 1947ರ ದೇಶವಿಭಜನೆಗೂ ಅದೇ ಹೆಸರು. ಮರಾಠಿಯ ಬಟವಡಾ ಟಪಾಲು ಹಂಚುವುದಕ್ಕೂ ಸಲ್ಲುತ್ತದೆ, ಪಗಾರ ಹಂಚುವುದಕ್ಕೂ ಸಲ್ಲುತ್ತದೆ. ಕನ್ನಡದ ಸರಕಾರಿ ಕಚೇರಿಗಳಲ್ಲಿ ಸಂಬಳದ ಬಟವಾಡೆಯೇ ಮುಂದು. ಪಗಾರವೂ ಹೊರಗಿನದೇ, ಪೋರ್ತುಗೀಸರು ಬಿಟ್ಟುಹೋದದ್ದು. ಹಂಚುವುದೆಂಬ ನಡುವಿನ ಅರ್ಥ ಮೂರರಲ್ಲೂ ಉಳಿದಿದೆ, ಏನನ್ನು ಹಂಚುತ್ತಾರೆ ಎಂಬುದಷ್ಟೇ ಬೇರೆ.

ಟಪಾಲಿಗೆ ಇರುವ ಹೆಸರುಗಳನ್ನೇ ನಕಾಶೆಯ ಮೇಲೆ ಇಟ್ಟರೆ ಹಳೆಯ ರಾಜ್ಯಗಳ ಗೆರೆಗಳು ಕಾಣುತ್ತವೆ. ಉತ್ತರಕ್ಕೆ ಡಾಕ್, ದಖ್ಖನಿನಲ್ಲಿ ಟಪಾಲು, ಮೈಸೂರಿನಲ್ಲಿ ಅಂಚೆ, ತಿರುವಾಂಕೂರು ಕೊಚ್ಚಿಗಳಲ್ಲಿ ಅಂಚಲ್. ಮೈಸೂರಿನ ಅಂಚೆಯನ್ನು ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದರೆಂದು ಹೇಳುತ್ತಾರೆ. 1889ರಲ್ಲಿ ಅದು ಬ್ರಿಟಿಷ್ ಟಪಾಲಿನಲ್ಲಿ ಸೇರಿಹೋಯಿತು. ಏಕೀಕರಣದ ನಂತರ ಪಠ್ಯಪುಸ್ತಕದ ಕನ್ನಡವೆಲ್ಲ ಅಂಚೆ ಎಂದಿತು, ಬೆಳಗಾವಿ ಧಾರವಾಡದ ಬಾಯಿ ಟಪಾಲು ಎಂದೇ ಉಳಿಯಿತು. ಅತ್ತೆಗೆ ಅಂಚೆ ಪದಬಂಧದಲ್ಲಿ ಬರುವ ಪದ, ಟಪಾಲು ಬಾಗಿಲಿಗೆ ಬರುವ ವಸ್ತು.

ಅಂಚೆಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ; ಹಂಸದ ತದ್ಭವ ಎಂದು ವ್ಯಾಕರಣ ಓದಿದವರಿಗೆಲ್ಲ ಗೊತ್ತು. ನಳನ ಸಂದೇಶವನ್ನು ದಮಯಂತಿಗೆ ಒಯ್ದ ಹಂಸದಿಂದಲೇ ಅಂಚೆ ಎಂಬ ಹೆಸರು ಬಂತು ಎಂಬ ವಿವರಣೆ ಬಹಳ ಜನಪ್ರಿಯ. ಕೇಳಲು ಇಂಪು, ಒಪ್ಪಲು ಕಷ್ಟ. ತಮಿಳಿನಲ್ಲಿ ಟಪಾಲಿಗೆ ಅಂಜಲ್, ಮಲಯಾಳದಲ್ಲಿ ಅಂಚಲ್. ಆ ಕೊನೆಯ ಲಕಾರಕ್ಕೆ ಹಂಸದಲ್ಲಿ ಉತ್ತರವಿಲ್ಲ. ತಮಿಳಿನಲ್ಲಿ ಹಂಸಕ್ಕೆ ಇರುವ ಮಾತು ಅನ್ನಂ. ನೆರೆಯ ಭಾಷೆಗಳ ರೂಪವನ್ನು ಬಿಟ್ಟು ಕನ್ನಡದ ರೂಪವೊಂದನ್ನೇ ಹಿಡಿದು ಮಾಡಿದ ವ್ಯುತ್ಪತ್ತಿ ನಿಲ್ಲುವುದಿಲ್ಲ. ಎರಡೂ ಅಂಚೆಗಳು ಒಂದೇ ಉಚ್ಚಾರದ ಬೇರೆ ಬೇರೆ ಪದಗಳೆಂದು ಇಟ್ಟುಕೊಳ್ಳುವುದೇ ಸರಿ ಎಂದು ನನ್ನ ಅಭಿಪ್ರಾಯ. ಇಚಲಕರಂಜಿ ಎಂಬ ಊರಿನ ಹೆಸರು ಹೇಳಿದಾಗ ಕನ್ನಡದ ಕಿವಿಗೆ ಈಚಲು ಮರ ಕೇಳಿಸುತ್ತದೆ. ಅಲ್ಲೂ ಇದೇ ಎಚ್ಚರ ಬೇಕು, ಕೇಳಿಸಿದ್ದೆಲ್ಲ ಮೂಲವಲ್ಲ.

ಈಗ ಪಾರ್ಸಲಿನ ಮೇಲಿನ ಚೀಟಿಗೆ ಬರೋಣ. ನೆನೆದ ಮೂಲೆಯ ಆ ರಟ್ಟಿನ ಮೇಲೆ ನಾನೇ ಬರೆದ ವಿಳಾಸ ಇತ್ತು: ಮು.ಪೋ., ಹಳ್ಳಿಯ ಹೆಸರು, ತಾ. ಆಜರಾ, ಜಿ. ಕೊಲ್ಹಾಪುರ, 416505. ಮು.ಪೋ. ಅಂದರೆ ಮುಕ್ಕಾಮ ಪೋಸ್ಟ್. ಅರಬ್ಬಿಯ ಮುಕಾಮ್ ಮರಾಠಿಯ ವಿಳಾಸದಲ್ಲಿ ಮನುಷ್ಯ ನೆಲೆಸಿದ ಊರು. ಕನ್ನಡದ ಪತ್ರಿಕೆಗಳಲ್ಲಿ ಮೊಕ್ಕಾಂ ಹೂಡುವವರು ನಾಲ್ಕು ದಿನ ಇದ್ದು ಹೋಗುವ ಅಧಿಕಾರಿಗಳು, ಕಾಡಾನೆಗಳು. ಆಮೇಲಿನ ಆರು ಅಂಕಿಯ ಪಿನ್ 1972ರ ಆಗಸ್ಟ್ 15ರಂದು ಜಾರಿಗೆ ಬಂದದ್ದು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ ಸಂಪರ್ಕ ಖಾತೆಯ ಅಧಿಕಾರಿ, ಜೊತೆಗೆ ಸಂಸ್ಕೃತದ ಕವಿ. ಒಂದೇ ಹೆಸರಿನ ಹಲವು ಊರು, ಹಲವು ಲಿಪಿಗಳ ಬರವಣಿಗೆ, ಅರೆಬರೆ ವಿಳಾಸ, ಇವುಗಳ ಗೋಜಲನ್ನು ಬಿಡಿಸಲೆಂದೇ ಅಂಕಿ ಬಂತು. ಗಡಹಿಂಗ್ಲಜ ತಾಲ್ಲೂಕು ಒಂದರಲ್ಲೇ ಎರಡು ಹೆಬ್ಬಾಳಗಳಿವೆ, ಒಂದು ಕಸಬಾ ನೂಲದ್ದು, ಇನ್ನೊಂದು ಜಲದ್ಯಾಳದ್ದು. ಬೆಂಗಳೂರಿನ ಹೆಬ್ಬಾಳ, ಮೈಸೂರಿನ ಹೆಬ್ಬಾಳ ಬೇರೆ. ಹಲಕರ್ಣಿ ಗಡಹಿಂಗ್ಲಜದಲ್ಲೂ ಇದೆ, ಚಂದಗಡದಲ್ಲೂ ಇದೆ. ಊರಿನ ಹೆಸರು ಕನ್ನಡದ್ದಾಗಿದ್ದು ಜಿಲ್ಲೆ ಮಹಾರಾಷ್ಟ್ರದ್ದಾದರೆ ಪಾರ್ಸಲ್ ದಾರಿ ತಪ್ಪಲು ಬೇರೆ ಕಾರಣ ಬೇಕಾಗಿಲ್ಲ.

ಪಿನ್ನಿನ ಮೊದಲ ಅಂಕಿಯಲ್ಲಿ ಮಹಾರಾಷ್ಟ್ರ 4, ಕರ್ನಾಟಕ 5. ಗಡಹಿಂಗ್ಲಜ 416502; ಹದಿನೈದು ಕಿಲೋಮೀಟರ್ ಆಸುಪಾಸಿನ ಸಂಕೇಶ್ವರ 591313. ಎರಡೂ ಊರು ಒಂದೇ ಹಿರಣ್ಯಕೇಶಿ ಹೊಳೆಯ ನೀರು ಕುಡಿಯುತ್ತವೆ. ಆ ಹೊಳೆ ಆಂಬೋಲಿ ಘಟ್ಟದಲ್ಲಿ ಹುಟ್ಟಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬರುತ್ತದೆ. ಚಂದಗಡ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯ ತನಕ ಬೆಳಗಾವಿ ಜಿಲ್ಲೆಯಲ್ಲೇ ಇತ್ತು. ಅತ್ತೆಯ ತವರಿನ ಪತ್ರ ನದಿಯ ಎದುರು ಒಂದಿಷ್ಟು ದೂರ ನಡೆದರೆ ಸಾಕು, ಆದರೆ ಅಂಕಿಯ ಪ್ರಕಾರ ಅದು ಒಂದು ವಲಯದಿಂದ ಇನ್ನೊಂದು ವಲಯಕ್ಕೆ ದಾಟಬೇಕು. ಪಿನ್ ಒಂದು ಬಗೆಯ ಒಗಟನ್ನು ಬಿಡಿಸಿತು ನಿಜ. ಕೊನೆಯ ಕೆಲವು ಹರದಾರಿಯನ್ನು, ಅಂಗಡಿಯಿಂದ ಅಂಗಳದ ತನಕದ ದಾರಿಯನ್ನು, ಯಾವ ಅಂಕಿಯೂ ನಡೆಯುವುದಿಲ್ಲ.

ಒಗಟನ್ನು ಬಿಡಿಸು ಎಂದೆ. ಈ ಟಿಪ್ಪಣಿಯ ಇಡೀ ಸಾಮಗ್ರಿ ಒಂದೇ ಕ್ರಿಯಾಪದಕ್ಕೆ ಬಂದು ಸೇರುತ್ತದೆ ಎಂಬುದು ನನಗೂ ತಡವಾಗಿ ಹೊಳೆಯಿತು. ವಿ.ಪಿ. ಬಿಡಿಸಿಕೊಳ್ಳು. ಪದಬಂಧ ಬಿಡಿಸು. ಅರ್ಥ ಬಿಡಿಸಿ ಹೇಳು. ಸಂಧಿಯಾದ ಪದವನ್ನು ಬಿಡಿಸು. ಮರಾಠಿಯಲ್ಲೂ ವ್ಹಿ.ಪಿ. ಸೋಡವಣೆ, ಕೋಡೆ ಸೋಡವಣೆ. ಬಂಧ ಎಂದ ಮೇಲೆ ಬಿಡಿಸುವುದು ಸಹಜ. ಒಗಟಿಗೆ ಉತ್ತರ ಕರ್ನಾಟಕದಲ್ಲಿ ಒಡಪು ಎನ್ನುತ್ತಾರೆ. ಹೊಸ ಸೊಸೆ ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವುದಕ್ಕೂ ಒಡಪು ಹಾಕುವುದು ಎಂದೇ ಹೆಸರು. ಮರಾಠಿಯ ಉಖಾಣಾಕ್ಕೂ ಇದೇ ಎರಡು ಅರ್ಥ. ಬಾಯಿಬಿಟ್ಟು ಹೇಳಬಾರದ ಹೆಸರನ್ನು ಕಟ್ಟಿ ಕೊಡುವುದು, ಕೇಳುವವರು ಬಿಚ್ಚಿಕೊಳ್ಳುವುದು. ಎರಡು ಭಾಷೆಗಳು ಬೇರೆ ಬೇರೆ ಕುಲದವು, ಆದರೆ ಅರ್ಥದ ಕವಲು ಒಂದೇ. ಸೊಸೆಯಂದಿರು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಹೋಗಿ ಬಂದ ಸೀಮೆ ಇದು. ಪದಗಳು ಅವರ ಜೊತೆಗೇ ಹೋಗಿ ಬಂದಿವೆ ಎನ್ನಲು ನನಗೆ ಸಂಕೋಚವಿಲ್ಲ.

ಪದ ಬಿಡಿಸುವ ಕೆಲಸ ಆಜರಾಕ್ಕೆ ಹೊಸದೂ ಅಲ್ಲ. ಜೈನೇಂದ್ರ ವ್ಯಾಕರಣದ ಮೇಲೆ ಸೋಮದೇವ ಬರೆದ ‘ಶಬ್ದಾರ್ಣವಚಂದ್ರಿಕೆ’ ಮುಗಿದದ್ದು ಕೊಲ್ಹಾಪುರ ದೇಶದ ಆಜುರಿಕಾ ಎಂಬಲ್ಲಿ, ಶಕ 1127ರಲ್ಲಿ, ಅಂದರೆ ಕ್ರಿ.ಶ. 1205ರಲ್ಲಿ. ಶಿಲಾಹಾರ ಗಂಡರಾದಿತ್ಯ ಕಟ್ಟಿಸಿದ ತ್ರಿಭುವನತಿಲಕ ಜಿನಾಲಯದಲ್ಲಿ, ಎರಡನೆಯ ಭೋಜನ ಆಳ್ವಿಕೆಯ ಕಾಲ. ಆಜುರಿಕಾವನ್ನು ವಿದ್ವಾಂಸರು ಇಂದಿನ ಆಜರಾ ಎಂದು ಗುರುತಿಸಿದ್ದಾರೆ. ಕೇಶಿರಾಜನ ‘ಶಬ್ದಮಣಿದರ್ಪಣ’ಕ್ಕಿಂತ ಅರ್ಧ ಶತಮಾನ ಹಿಂದಿನ ಮಾತು. ಗ್ರಂಥ ಸಂಸ್ಕೃತದ್ದು, ಆದರೆ ಅದಕ್ಕೆ ಆಶ್ರಯ ಕೊಟ್ಟ ಶಿಲಾಹಾರರ ಶಾಸನಗಳಲ್ಲಿ ಕನ್ನಡ ಧಾರಾಳವಾಗಿದೆ.

ಪದಬಂಧ ನಮ್ಮ ಲಿಪಿಯಲ್ಲಿ ಕೂತ ಬಗೆಯನ್ನೂ ಗಮನಿಸಬೇಕು. ಅಡ್ಡ ಉದ್ದದ ಪದಗಳ ಈ ಆಟ 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಅಚ್ಚು ಮಾಡಿಸಿದ್ದು. ಅಲ್ಲಿ ಒಂದು ಮನೆಗೆ ಒಂದು ಅಕ್ಷರ, ಸ್ವರ ಬೇರೆ ವ್ಯಂಜನ ಬೇರೆ. ಕನ್ನಡದಲ್ಲಿ, ಮರಾಠಿಯಲ್ಲಿ, ಒಂದು ಮನೆಗೆ ಗುಣಿತ ಒತ್ತುಗಳೆಲ್ಲ ಸೇರಿದ ಇಡೀ ಅಕ್ಷರ. ಕೊಲ್ಹಾಪುರ ಎಂದರೆ ಕೊ, ಲ್ಹಾ, ಪು, ರ, ನಾಲ್ಕು ಮನೆ. ಲ್ಹಾ ಇರುವ ಮನೆಯ ಮೇಲಿಂದ ಇನ್ನೊಂದು ಪದ ಇಳಿಯಬೇಕಾದರೆ ಅದರಲ್ಲೂ ಲ್ಹಾ ಬರಬೇಕು. ಕನ್ನಡದಲ್ಲಿ ಅಂಥ ಪದ ಎಲ್ಲಿಂದ ತರುವುದು? ಊರನ್ನು ಕೊಲ್ಲಾಪುರ ಎಂದು ಬರೆದರೆ ಕೆಲಸ ಸುಲಭ: ಎಲ್ಲಾ, ಬಿಲ್ಲಾಳು, ಬೇಕಾದಷ್ಟು ಸಿಗುತ್ತವೆ. ಮರಾಠಿ ಉಚ್ಚಾರ ಹಿಡಿದು ಬರೆಯುವುದೋ ಕನ್ನಡದ ಬಾಯಿ ಹೇಳಿದಂತೆ ಬರೆಯುವುದೋ ಎಂಬ ಗಡಿಯ ಹಳೆಯ ಪ್ರಶ್ನೆ ಚೌಕದ ಒಂದು ಮನೆಯೊಳಗೆ ಬಂದು ಕೂತಿದೆ. ಅತ್ತೆ ಎರಡೂ ಬರೆಯುತ್ತಾರೆ. ಯಾವುದಕ್ಕೆ ಎದುರಿನ ಪದ ಹೊಂದುತ್ತದೋ ಅದು ಸರಿ ಎನ್ನುತ್ತಾರೆ.

ಮೊನ್ನೆ ಹೋದಾಗ ಆ ನಿಘಂಟನ್ನು ತೆಗೆಸಿ ನೋಡಿದೆ. ನೆನೆದಿದ್ದ ಮೂಲೆಯ ಹಾಳೆಗಳು ಒಣಗಿ ಅಲೆಯಲೆಯಾಗಿ ನಿಂತಿವೆ. ಪ ಅಕ್ಷರದ ಪುಟದಲ್ಲಿ ಪಾವತಿಯ ಎದುರು ಪೆನ್ಸಿಲಿನಿಂದ ‘ಇಲ್ಲಿ ಉಲ್ಟಾ’ ಎಂದು ಬರೆದಿದ್ದಾರೆ. ಮುಖಪುಟದ ಒಳಬದಿಯಲ್ಲಿ, ಹಿಂದೆ ಕಾರ್ಡಿನ ಮೇಲೆ ಬರೆಯುತ್ತಿದ್ದ ಹಾಗೆಯೇ, ಬಲ ಮೂಲೆಗೆ ‘ಮುಟ್ಟಿತು’ ಎಂದೂ ಅದರ ಕೆಳಗೆ ತಾರೀಖನ್ನೂ ಹಾಕಿದ್ದಾರೆ. ಅದು ನನ್ನ ಫೋನಿಗೆ ಸಂದೇಶ ಬಂದ ತಾರೀಖಲ್ಲ, ನಾಲ್ಕು ದಿನ ಆಮೇಲಿನದು.